ಭಣಭಣ ಅನ್ನುವ ಗಿಟಾರ್

"ಕಾಕಾ, ಬಾವ್ಯಾಗ ಇಳ್ದು ಬಾರ್ಸೀಯೇನು?"

ಹೋದ ವಾರ ವಾಟ್ಸಾಪಿನಲ್ಲಿ ಬಂದ ವಾಯ್ಸ್ ಮೆಸೇಜ್ ಇದು. ಕಳಿಸಿದವಳು ಪಲ್ಲವಿ, ನನ್ನ ಅಣ್ಣನ ಮಗಳು. ಸೇಡಂನಲ್ಲಿ ಡಿಗ್ರಿ ಓದುತ್ತಾಳೆ. ಕಾಲೇಜಿನ ಗ್ಯಾದರಿಂಗ್‌ನಲ್ಲಿ ವಚನ ಹಾಡುವವಳಿದ್ದಾಳೆ. ಹಾಡಿನ ಹಿಂದೆ ಗಿಟಾರ್ ಇರಲಿ, ಆದರೆ ನೀ ಬರೋದು ಬೇಡ, ರೆಕಾರ್ಡ್ ಮಾಡಿ ಕಳಿಸು ಅಂದಿದ್ದಳು. (ಐವತ್ಮೂರರ ಕಾಕಾ ಸ್ಟೇಜ್ ಹತ್ತಿದರೆ ಗೆಳತಿಯರು ನಗುತ್ತಾರಂತೆ. ಇರಲಿ.)

ಎರಡು ದಿನ ಒದ್ದಾಡಿ ಕಳಿಸಿದ್ದೆ. ಸಿಕ್ಕ ಬಹುಮಾನ ಬಾವಿ.

ತಪ್ಪು ನನ್ನದೇ. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ರಿವರ್ಬ್ ಅಂತ ಒಂದು ಸೌಲಭ್ಯ ಇರುತ್ತದೆ. ತಂತಿಯಿಂದ ಹೊರಟ ಸದ್ದು ಗೋಡೆ, ನೆಲ, ಛತ್ತಿಗೆ ಬಡಿದು ಮರಳಿ ಬರುತ್ತದಲ್ಲ, ಆ ಗುಂಗು. ಅದನ್ನು ಯಂತ್ರವೇ ಹುಟ್ಟಿಸಿ ಕೊಡುತ್ತದೆ. ಸಣ್ಣ ರೂಮ್ ಬೇಕೆ? ಇದೆ. ದೊಡ್ಡ ಹಾಲ್? ಇದೆ. ಚರ್ಚ್? ಅದೂ ಇದೆ. ಶಹಾಬಾದಿನ ಒಂದು ಕೋಣೆಯಲ್ಲಿ ಬನಿಯನ್ ಮೇಲೆ ಕೂತವನಿಗೆ ಇಷ್ಟೆಲ್ಲ ಕಟ್ಟಡ ಪುಕ್ಕಟೆ ಸಿಕ್ಕರೆ ಬಿಡುತ್ತಾನೆಯೇ? ಚರ್ಚನ್ನೇ ಆರಿಸಿದೆ. ಮುಕ್ಕಾಲು ಪಾಲು ಏರಿಸಿಯೂ ಬಿಟ್ಟೆ.

ಕಾರಣ ಎರಡು. ಬೆರಳು ತಡವರಿಸಿದ್ದು ಆ ಗುಂಗಿನೊಳಗೆ ಮುಚ್ಚಿಹೋಗುತ್ತದೆ. ಹೊಸದಾಗಿ ರೆಕಾರ್ಡ್ ಮಾಡುವವರೆಲ್ಲ ಮಾಡುವ ಕಳ್ಳತನ ಇದು. ಎರಡನೆಯದನ್ನು ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಒಂದು ತಂತಿ ಮೀಟಿದರೆ ಹತ್ತು ಮಂದಿ ಓಗೊಟ್ಟ ಹಾಗೆ ಕೇಳುತ್ತಿತ್ತು. ನನಗೆ ಅದು ಹಿತವಾಗುತ್ತಿತ್ತು.

ಯಾಕೆಂದರೆ ಎರಡು ತಿಂಗಳಿಂದ ಈ ಮನೆಯಲ್ಲಿ ನಾನೊಬ್ಬನೇ. ಅಣ್ಣನಿಗೆ ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ. ಇಷ್ಟು ವರ್ಷ ದಿನಾ ಓಡಾಡಿದ. ಈಗ ಕ್ವಾರ್ಟರ್ಸ್ ಸಿಕ್ಕಿತು, ಪಲ್ಲವಿಗೂ ಕಾಲೇಜು ಹತ್ತಿರ, ಹೋದರು. ಜಗಳವಿಲ್ಲ, ಮುನಿಸಿಲ್ಲ. ನಾನು ವಾಡಿಯಲ್ಲಿ ಹೈಸ್ಕೂಲ್ ಮಾಸ್ತರ, ಗಣಿತ ಕಲಿಸುತ್ತೇನೆ. ನನಗೆ ಶಹಾಬಾದೇ ಅನುಕೂಲ. ಲಗ್ನ ಆಗಿಲ್ಲ. (ಯಾಕೆ ಎಂದು ಕೇಳಬೇಡಿ, ಅದಕ್ಕೆ ಈ ಜಾಗ ಸಾಲದು.) ಲಾರಿಗೆ ಸಾಮಾನು ಏರಿಸುವಾಗ ವೈನಿ, ಅಂದರೆ ಅಣ್ಣನ ಹೆಂಡತಿ, ಒಂದೊಂದಕ್ಕೂ "ಇದು ಇಲ್ಲೇ ಇರ್ಲೇನು?" ಎಂದು ಕೇಳಿದರು. ನಾನು ದೊಡ್ಡಸ್ತಿಕೆಯಿಂದ ಅಂದೆ: "ಎಲ್ಲಾ ಒಯ್ಯಿರಿ ವೈನಿ. ನನಗೊಬ್ಬನಿಗಿ ಏನ್ ಬೇಕು?"

ಮಂಚ ಹೋಯಿತು. ಗಾದಿ ಹೋದವು. ಟ್ರಂಕು, ಕೌದಿಗಳ ಒಟ್ಟಿಲು, ಅಲ್ಮಾರಿ, ಬಾಗಿಲ ಪರದೆ ಎಲ್ಲಾ ಹೋದವು. ಅಂದಿನಿಂದ ಯಾರು ಫೋನ್ ಮಾಡಿ ಹೇಗಿದ್ದೀ ಎಂದರೂ ನನ್ನದು ಒಂದೇ ಉತ್ತರ, ಆರಾಮ್.

ಬಾವಿಯ ಮಾತು ಕೇಳಿದ ಮೇಲೆ ರಿವರ್ಬನ್ನು ಇಳಿಸಿದೆ. ಚರ್ಚ್ ಬಿಟ್ಟು ಹಾಲ್‌ಗೆ ಬಂದೆ, ಹಾಲ್ ಬಿಟ್ಟು ರೂಮ್‌ಗೆ. ಬಾವಿ ಹೋಗಲಿಲ್ಲ. ಕೊನೆಗೆ ಪೂರ್ತಿ ಸೊನ್ನೆ ಮಾಡಿ ಕೇಳಿದೆ.

ಆಗಲೂ ಇತ್ತು! ಯಂತ್ರದ್ದಲ್ಲದ ಒಂದು ಗುಂಗು, ಪ್ರತಿ ಸ್ವರದ ಬೆನ್ನಿಗೆ ಬರುತ್ತಿತ್ತು. ಅದು ಎಲ್ಲಿಂದ ಬಂತು?

ಮನೆಯಿಂದ. ನಮ್ಮದು ಹಳೆಯ ಕಾಲದ ಕಲ್ಲಿನ ಮನೆ. ನೆಲಕ್ಕೆ ಪರಸಿ ಅನ್ನುವ ಹಾಸುಗಲ್ಲು, ಗೋಡೆಗೆ ಕಲ್ಲು, ತಲೆಯ ಮೇಲೂ ಕಲ್ಲಿನ ಹಾಸೇ. ಇಷ್ಟು ವರ್ಷ ಗಾದಿ, ಬಟ್ಟೆ, ಮಂದಿ ಸೇರಿ ಸದ್ದನ್ನು ಕುಡಿಯುತ್ತಿದ್ದರು. ಈಗ ಕುಡಿಯುವವರು ಯಾರೂ ಇಲ್ಲ. ಇಲ್ಲೊಂದು ವಿಷಯ ತಿಳಿದಿರಲಿ, ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಉಪಯೋಗಕ್ಕೆ ಬರುತ್ತದೆ. ಸಾಫ್ಟ್‌ವೇರ್ ಹಾಕಿದ ರಿವರ್ಬನ್ನು ಯಾವಾಗ ಬೇಕಾದರೂ ತೆಗೆಯಬಹುದು. ಕೋಣೆಯೇ ಹಾಕಿದ್ದು ಮೈಕಿನೊಳಗೆ ಹೊಕ್ಕಿತೆಂದರೆ ಮುಗಿಯಿತು, ಅದನ್ನು ಒರೆಸಲು ಬರುವುದಿಲ್ಲ.

ನನಗೆ ಭಯವಾಯಿತು. ಇದನ್ನು ಅಣ್ಣ ಕೇಳಿದರೆ? ವೈನಿ ಕೇಳಿದರೆ? ಈ ಮನೆಯ ಸದ್ದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಹೊಸ ಮನೆಯಲ್ಲಿ ಈಗಷ್ಟೇ ಒಲೆ ಹೂಡಿದವರು ನನಗಾಗಿ ಹಳಹಳಿಸುವುದು ಬೇಡ. ರೆಕಾರ್ಡಿಂಗಿನಿಂದ ಈ ಖಾಲಿ ಮನೆಯನ್ನು ಹೇಗಾದರೂ ಹೊರಗೆ ಹಾಕಬೇಕು.

ದಾರಿ ಇಷ್ಟೇ. ಗೋಡೆಗೆ ದಪ್ಪ ಬಟ್ಟೆ ಇಳಿಬಿಡಬೇಕು, ನೆಲಕ್ಕೆ ಏನಾದರೂ ಹಾಸಬೇಕು. ನನ್ನ ಹತ್ತಿರ ಇರುವುದು ಒಂದು ಚಾಪೆ, ಎರಡು ಚಾದರ. ಪಕ್ಕದ ಮನೆಯ ಶಾಂತಾಬಾಯಿ ಆಯಿಯ ಬಾಗಿಲಿಗೆ ಹೋದೆ. ಎಪ್ಪತ್ತು ದಾಟಿದ ಜೀವ. ಓಣಿಯ ಅರ್ಧ ಕೌದಿಗಳು ಅವರ ಕೈಯಲ್ಲೇ ಹೊಲಿದಂಥವು.

"ಆಯಿ, ನಾಲ್ಕು ಕೌದಿ ಕೊಡ್ರಿ."

"ಇಂಥಾ ಬಿಸಲಾಗ ಕೌದಿ ಯಾಕ್ರೀ ಮಾಸ್ತರ? ಜ್ವರ ಬಂದಾವೇನು?"

"ನನಗಲ್ಲರಿ, ಗ್ವಾಡಿಗಿ."

"ಗ್ವಾಡಿಗಿ ಜ್ವರ ಬಂದಾವೇನು?"

ನಕ್ಕೆ. ಆದರೆ ಆಯಿ ಬಿಡಲಿಲ್ಲ. ಕೌದಿ ಹೊತ್ತು ತಾವೇ ನನ್ನ ಹಿಂದೆ ಬಂದರು. ಗಿಟಾರ್ ನೋಡಿದರು, ಲ್ಯಾಪ್‌ಟಾಪ್ ನೋಡಿದರು, ಖಾಲಿ ಪಡಸಾಲೆಯನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ನಾನು ಅವರ ಕಿವಿಗೆ ಹೆಡ್‌ಫೋನ್ ಇಟ್ಟು ಆ ಸೊನ್ನೆ ರಿವರ್ಬಿನ ರೆಕಾರ್ಡಿಂಗ್ ಕೇಳಿಸಿದೆ. ಸಂಗೀತದ ಬಗ್ಗೆ ಏನೋ ಅನ್ನುತ್ತಾರೆ ಎಂದು ಕಾದೆ.

"ಬಾರ್ಸೋದು ಛಲೋ ಅದ ಬಿಡ್ರಿ. ಖರೆ ಮಾಸ್ತರ, ನಿಮ್ ಮನಿ ಭಣಭಣ ಅನ್ಲಿಕತ್ತದ."

ಭಣಭಣ. ಹುಟ್ಟಿದಾಗಿನಿಂದ ಕೇಳಿದ ಮಾತು. ಮಗಳು ಗಂಡನ ಮನೆಗೆ ಹೋದರೆ ಮನೆ ಭಣಭಣ, ರಜೆ ಬಿಟ್ಟರೆ ಸಾಲಿ ಭಣಭಣ. ಅದು ಬರೀ ಹೇಳುವ ರೀತಿ ಎಂದುಕೊಂಡಿದ್ದೆ. ನಮ್ಮ ಹಿರಿಯರು ಅದನ್ನು ಕಿವಿಯಿಂದಲೇ ಕೇಳಿ ಹೆಸರಿಟ್ಟಿದ್ದಾರೆ ಅಂತ ಹೊಳೆದೇ ಇರಲಿಲ್ಲ. ಖಾಲಿ ಮನೆ ಸುಮ್ಮನಿರುವುದಿಲ್ಲ, ಅನ್ನುತ್ತದೆ. ಏನನ್ನುತ್ತದೆ ಎಂಬುದು ಈಗ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಫೈಲಾಗಿ ಕೂತಿತ್ತು. ನಾನು ಅದರ ಮೇಲೆ ಇನ್ನೊಂದು ಚರ್ಚ್ ಕಟ್ಟಿದ್ದೆ!

ಆಯಿ ಹೋದ ಮೇಲೆ ಅದನ್ನೇ ಇನ್ನೊಮ್ಮೆ ಕೇಳಿದೆ. ಅಳು ಬಂತು ಅಂದರೆ ಸುಳ್ಳಾಗುತ್ತದೆ. ಬರಲಿಲ್ಲ ಅಂದರೂ ಸುಳ್ಳೇ.

ಮರುದಿನ ಶನಿವಾರ, ಅರ್ಧ ದಿನದ ಸಾಲಿ. ಊಟ ಮಾಡಿ ಕರೆಂಟ್ ಹೋಗುವುದನ್ನೇ ಕಾಯುತ್ತ ಕೂತೆ. (ನಿಮ್ಮೂರಲ್ಲಿ ಕರೆಂಟ್ ಹೋದರೆ ಬೈಯುತ್ತೀರಿ. ನಮ್ಮ ಓಣಿಯ ತುದಿಯಲ್ಲಿ ಕಲ್ಲು ಪಾಲಿಶ್ ಮಾಡುವ ಮಶೀನಿದೆ, ಕರೆಂಟ್ ಇದ್ದಷ್ಟು ಹೊತ್ತೂ ಅದರ ಗೊರ್ ನಿಲ್ಲುವುದಿಲ್ಲ. ಹಾಗಾಗಿ ಕರೆಂಟ್ ಹೋದಾಗಲೇ ನನ್ನ ಸ್ಟುಡಿಯೋ ತೆರೆಯುವುದು.) ಮೂರರ ಸುಮಾರಿಗೆ ಹೋಯಿತು. ಫ್ಯಾನ್ ನಿಂತಿತು. ಮೂರು ಕೌದಿಯನ್ನು ಹಗ್ಗಕ್ಕೆ ಇಳಿಬಿಟ್ಟು, ಒಂದನ್ನು ಹಾಸಿ, ನಡುವೆ ಕೂತೆ. ಮೈಕನ್ನು ಗಿಟಾರಿನ ಹೊಟ್ಟೆಯ ತೂತಿಗೆ ನೇರ ಹಿಡಿಯದೆ ಸ್ವಲ್ಪ ಕುತ್ತಿಗೆಯ ಕಡೆ ತಿರುಗಿಸಿದೆ. ಇಲ್ಲದಿದ್ದರೆ ದಪ್ಪ ತಂತಿಗಳು ಗುಂಯ್ ಅಂತ ಎಲ್ಲವನ್ನೂ ನುಂಗುತ್ತವೆ.

ಬೆವರು ಧಾರಾಕಾರ. ಆದರೆ ಸದ್ದು? ಒಣಗಿದ ರೊಟ್ಟಿ. ಬೆರಳು ಸರಿದದ್ದು, ನಾನು ಉಸಿರು ಬಿಟ್ಟದ್ದು, ಎಲ್ಲಾ ಬಯಲು. ಮುಚ್ಚಿಕೊಳ್ಳಲು ಏನೂ ಉಳಿಯಲಿಲ್ಲ. ಆರು ಸಲ ಬಾರಿಸಬೇಕಾಯಿತು.

ಆಮೇಲೆ ಸಣ್ಣ ರೂಮ್ ಆರಿಸಿದೆ. ಸ್ವರ ನಿಂತ ಮೇಲೂ ಉಳಿಯುವ ಗುಂಗಿನ ಬಾಲ ಒಂದು ಸೆಕೆಂಡಿನ ಆಸುಪಾಸು. ರಿವರ್ಬಿನಲ್ಲಿ ದಪ್ಪ ಸ್ವರಗಳನ್ನು ಕತ್ತರಿಸಿದೆ, ಗಿಟಾರಿನ ಹೊಟ್ಟೆಯ ಗುಂಗು ಬೇಡ. ಹೇಗೂ ಕಾಲೇಜಿನ ಹಾಲ್ ತನ್ನ ಪಾಲನ್ನು ತಾನೇ ಸೇರಿಸುತ್ತದೆ. ಎಷ್ಟು ಹಾಕಬೇಕು ಎನ್ನುವುದಕ್ಕೆ ನಾನು ಕಂಡುಕೊಂಡದ್ದು ಇಷ್ಟು. ಮೆಲ್ಲಗೆ ಏರಿಸುತ್ತ ಹೋಗಿ, ರಿವರ್ಬ್ ಇದೆ ಎಂದು ಕಿವಿಗೆ ಗೊತ್ತಾದ ಕೂಡಲೇ ನಿಲ್ಲಿಸಿ, ಒಂದು ಚೂರು ಇಳಿಸಿ. ಇದ್ದದ್ದು ಕಾಣಬಾರದು, ತೆಗೆದರೆ ಮಾತ್ರ ಕೊರತೆ ಅನ್ನಿಸಬೇಕು.

ಕಳಿಸಿದೆ. ಪಲ್ಲವಿ ಹತ್ತು ಚಪ್ಪಾಳೆ ಎಮೋಜಿ ಒತ್ತಿದಳು. "ಈಗ ಮಸ್ತ್ ಆಯ್ತು ಕಾಕಾ." ಗೆದ್ದೆ ಅಂದುಕೊಂಡೆ. ಖಾಲಿ ಮನೆ ಒಂದು ತಟಕೂ ಉಳಿದಿಲ್ಲ.

ಅರ್ಧ ತಾಸಿಗೆ ಫೋನ್ ಬಂತು. ವೈನಿ. ಅವರಿಗೆ ಗಿಟಾರ್ ಗೊತ್ತಿಲ್ಲ, ರಿವರ್ಬ್ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಅಡುಗೆಮನೆಯಿಂದ ನನ್ನ ಟಿಂಗ್ ಟಿಂಗ್ ಕೇಳಿದವರು ಅಷ್ಟೇ.

"ಮಲ್ಲಣ್ಣ, ಪಲ್ಲವಿ ಎರಡೂ ಹಚ್ಚಿದ್ಲು, ಕೇಳ್ದೆ."

"ಹ್ಯಾಂಗ ಅದರಿ ವೈನಿ?"

"ಮೊದ್ಲಿಂದು ಕೇಳಿ ಅಕಿ ನಕ್ಳು. ನನಗ ನಗು ಬರ್ಲಿಲ್ಲ. ಈಗಿಂದ್ರಾಗ ನಾವು ಇದ್ದಾಗ ಬಾರ್ಸಿದಂಗ ಅದ. ಮನಿ ತುಂಬ್ಯಾದ. ಯಾರ್ ಬಂದಾರ?"

ಆರಾಮ್ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕರೆಂಟ್ ಬಂದು ಪಾಲಿಶ್ ಮಶೀನ್ ಶುರುವಾಯಿತು. ಅದರ ಗದ್ದಲದ ಮೇಲೆ ಗಂಟಲು ಏರಿಸಿ ಹೇಳಿದೆ, "ಯಾರೂ ಬಂದಿಲ್ಲರಿ ವೈನಿ. ಕೌದಿ ತೂಗಿಬಿಟ್ಟು ಬಾರ್ಸೀನಿ. ನೀವ್ ಹೋದಾಗಿಂದ ನನಗ ಈ ಮನ್ಯಾಗ ಕುಂದರ್ಲಿಕ್ಕಾಗವಲ್ದು."

ಆ ಕಡೆ ವೈನಿ ಮೂಗು ಸೀಟಿದ್ದು ಕೇಳಿಸಿತು. ಆಮೇಲೆ ಗದರಿಸುವ ದನಿಯಲ್ಲೇ ಅಂದರು: "ಇಷ್ಟ್ ಹೇಳ್ಲಿಕ್ಕಿ ಎರಡ್ ತಿಂಗಳು ಬೇಕಾಯ್ತೇನು? ನಾಳಿ ಐತಾರ. ಮುಂಜಾನಿ ಗಾಡಿಗಿ ಬರ್ತೀವಿ."

ಒಂದು ಸ್ವರದ ಬೆನ್ನಿಗಿದ್ದ ಬಾಲ ಕೇಳಿ ಅವರು ಎಲ್ಲಾ ತಿಳಿದುಕೊಂಡರು. ಬಾಯಿಬಿಟ್ಟು ಒಂದು ಮಾತು ಹೇಳಲಿಕ್ಕೆ ನನ್ನಂಥ ಗಂಡಸರಿಗೆ ಏನು ಧಾಡಿ?