ಬಾಯಿಲ್ಲದ ತಂಗಿ

ಸಲ್ವೋರ್ ಬರೆದ ಚಿತ್ರಗಳಲ್ಲಿ ಯಾರಿಗೂ ಬಾಯಿ ಕಾಣುವುದಿಲ್ಲ. ಎಲ್ಲರೂ ಮೂಗಿನವರೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡವರೇ. "ಅವಳ ಮಂದಿಗೆಲ್ಲ ಹಲ್ಲುನೋವು" ಎಂದು ಊರು ನಗುತ್ತದೆ. ನಿಜ ಏನೆಂದರೆ ಅವಳಿಗೆ ತುಟಿ ಬರೆಯಲು ಬರುವುದಿಲ್ಲ. ಮೂವತ್ತೊಂದು ವರ್ಷ ಮೀನಿನ ಕಾರ್ಖಾನೆಯಲ್ಲಿ ಮುಳ್ಳು ಕಿತ್ತ ಕೈ ಅದು. ಅಲೆ, ಬೆಟ್ಟ, ಕುರಿ ಸಲೀಸಾಗಿ ಬರುತ್ತವೆ; ತುಟಿ ಮಾತ್ರ ಎರಡು ಮೀನು ಒಂದರ ಮೇಲೊಂದು ಮಲಗಿದ ಹಾಗೆ ಆಗಿಬಿಡುತ್ತದೆ.

ಐಸ್‌ಲ್ಯಾಂಡಿನ ಪೂರ್ವ ಕರಾವಳಿಯ ನಮ್ಮೂರಿನಲ್ಲಿ ನವೆಂಬರಿನಲ್ಲಿ ಬೆಟ್ಟದ ಹಿಂದೆ ಇಳಿದ ಸೂರ್ಯ ಮತ್ತೆ ಮುಖ ತೋರಿಸುವುದು ಜನವರಿ ಕೊನೆಗೆ. ಆ ಕತ್ತಲಲ್ಲಿ ಸಲ್ವೋರ್ ವರ್ಷಕ್ಕೊಂದು ಕ್ರಿಸ್ಮಸ್ ಕತೆ ಕಟ್ಟಿ, ಚಿತ್ರ ಬರೆದು, ಶಾಲೆಯಲ್ಲಿ ಜೆರಾಕ್ಸ್ ಮಾಡಿಸಿ ಮನೆಮನೆಗೆ ಹಂಚುತ್ತಾಳೆ. ಕತೆ ಅಪ್ಪಟ ಹೊಸದು. ಆದರೂ ಮೊದಲ ಸಾಲು ಯಾವಾಗಲೂ ಒಂದೇ: "ನನ್ನ ಅಜ್ಜಿ ಹೇಳುತ್ತಿದ್ದಳು." ಪಾಪ, ಆ ಅಜ್ಜಿ ಜೀವಮಾನದಲ್ಲಿ ಒಂದು ಕತೆ ಹೇಳಿದವಳಲ್ಲ. ಹಳೆಯ ಜಾಡಿಯಲ್ಲಿ ಹಾಕಿಕೊಟ್ಟರೆ ಹೊಸದಕ್ಕೂ ರುಚಿ ಬರುತ್ತದೆ ಎಂಬುದು ಸಲ್ವೋರಳ ನಂಬಿಕೆ.

ಕ್ರಿಸ್ಮಸ್ಸಿಗೆ ಬೆಟ್ಟ ಇಳಿದು ಬರುವ ಹದಿಮೂರು ತುಂಟ ಅಣ್ಣತಮ್ಮಂದಿರು ಎಲ್ಲರಿಗೂ ಗೊತ್ತು. ಕಿಟಕಿಯಲ್ಲಿಟ್ಟ ಶೂಗಳಲ್ಲಿ ಒಳ್ಳೆಯ ಮಕ್ಕಳಿಗೆ ಉಡುಗೊರೆ, ಹಟಮಾರಿಗಳಿಗೆ ಕೊಳೆತ ಆಲೂಗಡ್ಡೆ ಇಟ್ಟು ಹೋಗುತ್ತಾರೆ. ಈ ಸಲ ಸಲ್ವೋರ್ ಅವರಿಗೊಬ್ಬಳು ತಂಗಿಯನ್ನು ಕೊಟ್ಟಳು. ಅವಳಿಗೆ ಬಾಯಿಲ್ಲ. ಕತ್ತಲ ದಿನಗಳಲ್ಲಿ ಯಾರಾದರೂ ಕಡಲಿಗೆ ಹೋದವರೊಡನೆ ಮಾತಾಡಿದರೆ, ಹಾಗೆ ಮಾತಾಡಿದವರ ದನಿ ಕದಿಯುತ್ತಾಳೆ. ಅದೇ ದನಿಯಲ್ಲಿ ಕರೆದು ದೋಣಿಯನ್ನು ಬಂಡೆಗೆ ಎಳೆಯುತ್ತಾಳೆ. ಅಂಥವಳಿಗೆ ಮಫ್ಲರ್ ಹೆಣೆದು ಕೊಡುವವರು ಯಾರು? ಸಲ್ವೋರ್ ಚಿತ್ರದಲ್ಲಿ ಅವಳ ಮೂಗಿನ ಕೆಳಗೆ ಖಾಲಿ ಬಿಟ್ಟಳು. ನೋಡಿ ತಾನೇ ಒಮ್ಮೆ ಬೆಚ್ಚಿದಳು, ಆಮೇಲೆ ಚೆನ್ನಾಗಿ ಬಂತು ಎಂದು ಹಿಗ್ಗಿದಳು.

ಡಿಸೆಂಬರ್ ಹದಿನೇಳಕ್ಕೆ ಪಕ್ಕದ ಮನೆಯ ಬೇರಾ ಬಾಗಿಲಲ್ಲಿ ಬಂದು ನಿಂತಳು.

"ನಮ್ಮ ಉಗ್ಲಾ ಮಾತು ಬಿಟ್ಟು ಐದು ದಿನ ಆಯ್ತು ಕಣೇ. ಅವರಪ್ಪ ದಿನಾ ದೋಣಿಯಿಂದ ಫೋನ್ ಮಾಡ್ತಾನೆ. ಇವಳು ಎರಡೂ ಕೈಲಿ ಬಾಯಿ ಮುಚ್ಕೊಂಡು ಮಂಚದ ಕೆಳಗೆ ಸೇರ್ಕೋತಾಳೆ. ಡಾಕ್ಟರು ಗಂಟಲಲ್ಲಿ ಏನೂ ಇಲ್ಲ ಅಂದ್ರು. ನಿನ್ನೆ ದಿಂಬಿನ ಕೆಳಗೆ ಇದು ಸಿಕ್ತು."

ಬೇರಾಳ ಕೈಯಲ್ಲಿ ಆ ಕತೆಪುಸ್ತಕವಿತ್ತು. ಸಲ್ವೋರಳಿಗೆ ಆಗ ಹೊಳೆಯಿತು. ಏಳು ವರ್ಷದ ಮಗು ಅಪ್ಪನ ಜೀವ ಉಳಿಸಲು ಬಾಯಿಗೆ ಬೀಗ ಹಾಕಿಕೊಂಡಿದೆ! ದೋಣಿ ಬರುವುದು ಇಪ್ಪತ್ತಮೂರಕ್ಕೆ. ಬಿರುಗಾಳಿಯ ಮುನ್ಸೂಚನೆ ಬೇರೆ ಇತ್ತು. ಅವನು ಬಂದ ಮೇಲೂ ಮಗು ಬಾಯಿ ಬಿಡದಿದ್ದರೆ? ಬಾರದೇ ಹೋದರೆ? ಅದನ್ನು ಯೋಚಿಸಿದ್ದಕ್ಕೇ ಕೆನ್ನೆಗೆ ಹೊಡೆದುಕೊಳ್ಳಬೇಕೆನಿಸಿತು.

ಕೂಡಲೇ ಹೋಗಿ ಮಗುವಿನ ಮುಂದೆ ಕುಕ್ಕರಿಸಿದಳು. "ಅದೆಲ್ಲ ಸುಳ್ಳು ಪುಟ್ಟಿ. ನಾನೇ ಕಟ್ಟಿದ್ದು."

ಉಗ್ಲಾ ಪುಸ್ತಕ ಬಿಡಿಸಿ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ನನ್ನ ಅಜ್ಜಿ ಹೇಳುತ್ತಿದ್ದಳು.

ಇನ್ನು ಸಾಕ್ಷಿ ಬೇಕಾಯಿತು. ಸಲ್ವೋರ್ ಊರಿಗೆಲ್ಲ ಹಿರಿಯನಾದ ಓಡ್ಡುರ್ ಮುದುಕನನ್ನು ಕೈಹಿಡಿದು ಕರೆತಂದಳು. "ಹೇಳು ಓಡ್ಡುರ್, ಇಂಥವಳ ಕತೆ ಕೇಳಿದೀಯಾ ನೀನು?"

"ಬಾಯಿಲ್ಲದೋಳಾ? ಕೇಳದೆ ಏನು! ನಾನು ಇಷ್ಟುದ್ದ ಇದ್ದಾಗ ನಮ್ಮಮ್ಮ ಹೇಳ್ತಿದ್ಳಲ್ಲ."

"ಅಯ್ಯೋ, ಅದು ನವೆಂಬರಲ್ಲಿ ನಾನು ಕಟ್ಟಿದ ಕತೆ!"

"ನೀನು ಕಟ್ಟೋಕೆ ಮುಂಚೆ ಅವಳು ಎಲ್ಲಿಗೆ ಹೋಗಿದ್ಳು ಮತ್ತೆ?"

ಮಗುವಿನ ಮುಖ ಬಿಳಿಚಿತು. ಬೆಂಕಿ ಆರಿಸಲು ಕರೆದವನು ತುಪ್ಪ ಸುರಿದು, ಎರಡು ಲೋಟ ಕಾಫಿ ಕುಡಿದು ಎದ್ದುಹೋದ.

ಮುಂದಿನ ದಿನಗಳಲ್ಲಿ ಸಲ್ವೋರಳಿಗೆ ಊಟ ಸೇರಲಿಲ್ಲ. ತಂಗಿ ಸತ್ತಳೆಂದು ಒಂದು ಕತೆ ಬರೆದಳು, ಹರಿದಳು. ಒಳ್ಳೆಯವಳಾದಳೆಂದು ಇನ್ನೊಂದು ಬರೆದಳು, ಅದನ್ನೂ ಹರಿದಳು. ಮೂವತ್ತು ಚಳಿಗಾಲ ಕತೆ ಹೊಸೆದವಳಿಗೆ ಒಂದು ಸುಳ್ಳು ಬಿಚ್ಚಲು ಬಾರದಾಯಿತು.

ಇಪ್ಪತ್ತಮೂರಕ್ಕೆ, ಕ್ರಿಸ್ಮಸ್ಸಿಗೆ ಮುಂಚಿನ ಪದ್ಧತಿಯಂತೆ, ಊರೆಲ್ಲ ಕೊಳೆಸಿ ಬೇಯಿಸಿದ ತೊರಕೆ ಮೀನಿನ ವಾಸನೆ. ಗಾಳಿ ಕಿಟಕಿಗಳನ್ನು ಗುದ್ದುತ್ತಿತ್ತು. ಸಲ್ವೋರ್ ಆ ತಂಗಿಯ ಮೂಲ ಚಿತ್ರವನ್ನೂ ಪೆನ್ಸಿಲ್ ಡಬ್ಬಿಯನ್ನೂ ಕಂಕುಳಲ್ಲಿ ಇರುಕಿಕೊಂಡು ಬೇರಾಳ ಅಡುಗೆಮನೆಗೆ ಹೋಗಿ ಉಗ್ಲಾಳ ಪಕ್ಕ ಕೂತಳು.

"ನಿಂಗೊಂದು ಗುಟ್ಟು ಹೇಳ್ತೀನಿ. ನಂಗೆ ಬಾಯಿ ಬರೆಯೋಕೆ ಬರಲ್ಲ ಕಣೇ."

ಚೂರು ಕಾಗದದ ಮೇಲೆ ಬರೆದೂ ತೋರಿಸಿದಳು. ಎರಡು ಮೀನು. ಉಗ್ಲಾ ಹುಬ್ಬು ಗಂಟಿಕ್ಕಿ ನೋಡಿದಳು.

"ನೋಡಿದ್ಯಾ? ಅದಕ್ಕೇ ಎಲ್ಲರಿಗೂ ಮಫ್ಲರ್ ಸುತ್ತೋದು. ಇವಳಿಗೆ ಅದನ್ನೂ ಸುತ್ತಲಿಲ್ಲ, ಹಾಗೇ ಬಿಟ್ಟೆ. ನನ್ನ ಕೈಲಾಗದ್ದಕ್ಕೆ ಪಾಪ ಅವಳು ಕಳ್ಳಿ ಆದ್ಳು." ಸಲ್ವೋರ್ ಪೆನ್ಸಿಲ್ ಡಬ್ಬಿಯನ್ನು ಮಗುವಿನ ಮುಂದೆ ಸರಿಸಿದಳು. "ನೀನು ಬರೆದು ಕೊಡ್ತೀಯಾ?"

ಉಗ್ಲಾ ಅಲ್ಲಾಡಲಿಲ್ಲ. ಬೇರಾ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದಳು. ಎಷ್ಟೋ ಹೊತ್ತಿನ ಮೇಲೆ ಮಗು ಕೆಂಪು ಪೆನ್ಸಿಲ್ ತೆಗೆದುಕೊಂಡಿತು. ನಾಲಿಗೆ ಕಚ್ಚಿಕೊಂಡು, ಮುಖದ ಅರ್ಧ ತುಂಬುವಷ್ಟು ದೊಡ್ಡ ಬಾಯಿ ಬರೆಯಿತು. ಮುಂದಿನ ಒಂದು ಹಲ್ಲು ಇಲ್ಲ, ತನಗೆ ಇಲ್ಲದ ಹಾಗೆಯೇ.

ಫೋನ್ ಬಡಿದುಕೊಂಡಿತು. ಬೇರಾ ಎತ್ತಿದಳು. "ಉಗ್ಲಾ ಇದಾಳಾ?" ಎಂದಿತು ಗಾಳಿಯಲ್ಲಿ ಹರಿದುಹೋಗುತ್ತಿದ್ದ ದನಿ.

ಮಗು ಚಿತ್ರ ನೋಡಿತು, ಕಿಟಕಿ ನೋಡಿತು, ಫೋನ್ ಕಿತ್ತುಕೊಂಡಿತು.

"ಅಪ್ಪಾ. ಈಗ ಅವಳಿಗೆ ಅವಳದೇ ಬಾಯಿ ಇದೆ. ಆದ್ರೂ ಯಾರಾದ್ರೂ ನನ್ನ ದನೀಲಿ ಕರೆದ್ರೆ ಬಂಡೆ ಕಡೆ ಹೋಗ್ಬೇಡ."

"ಹೋಗಲ್ಲ ಮಗಳೇ."

ಸಂಜೆ ಐದಕ್ಕೆ ಬರಬೇಕಾದ ದೋಣಿ ಏಳಾದರೂ ಬರಲಿಲ್ಲ. ಆ ಎರಡು ಗಂಟೆ ಸಲ್ವೋರ್ ಬಂದರಿನಲ್ಲಿ ಹೇಗೆ ನಿಂತಿದ್ದಳೋ ಅವಳಿಗೇ ಗೊತ್ತು. ಕೊನೆಗೆ ದೀಪ ಕಂಡಿತು. ಅಪ್ಪನ ಹೆಗಲೇರಿದ ಉಗ್ಲಾ ಎಲ್ಲರಿಗೂ ಕೇಳುವಂತೆ ವಟಗುಟ್ಟುತ್ತಾ ಚಿತ್ರ ತೋರಿಸಿದಳು. ಓಡ್ಡುರ್ ಕನ್ನಡಕ ಮೇಲೇರಿಸಿ ಬಗ್ಗಿ ನೋಡಿದ.

"ಹೌದೌದು. ಅವಳಿಗೆ ಬಾಯಿ ಇತ್ತು. ಒಂದು ಹಲ್ಲು ಮಾತ್ರ ಇರಲಿಲ್ಲ. ನಮ್ಮಮ್ಮ ಹೇಳ್ತಿದ್ಳಲ್ಲ."

ಸಲ್ವೋರ್ ಈ ಸಲ ಎದುರಾಡಲಿಲ್ಲ. ಉಗ್ಲಾ ತನ್ನನ್ನೇ ನೋಡುತ್ತಿದ್ದಳು.

"ಹೌದು ಓಡ್ಡುರ್," ಎಂದಳು, "ನಮ್ಮಜ್ಜಿನೂ ಹಾಗೇ ಹೇಳ್ತಿದ್ಳು."