ಟವಲಿನ ಕೆಳಗಿನ ಮೂರು ಬೆರಳು

ನನ್ನ ಷಡ್ಡಕನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಾರುವ ಎತ್ತಿನ ಕುಂಟನ್ನು ಮೊದಲೇ ಒಪ್ಪಿಕೊಂಡವನ ಉಳಿದ ಮಾತನ್ನು ಜನ ನಂಬುತ್ತಾರೆ, ಬೇಕಾದರೆ ನೀವೂ ಸಂತೆಯಲ್ಲಿ ಪ್ರಯತ್ನಿಸಿ ನೋಡಿ.

ನನ್ನ ಹೆಂಡತಿಯ ತಂಗಿಯನ್ನೂ ನಮ್ಮೂರಿಗೇ ಕೊಟ್ಟಿದ್ದರು. ಅವಳ ಗಂಡನಿಗೆ ಅಪ್ಪ ಬಿಟ್ಟುಹೋದ ದಿನಸಿ ಅಂಗಡಿ, ಅಂಗಡಿಯ ಮುಂದೆ ಉದ್ದನೆಯ ಜಗಲಿ. ನನಗೆ ಯಾರೂ ಏನೂ ಬಿಟ್ಟುಹೋಗಿರಲಿಲ್ಲ. ಪಾವಗಡದ ಕಡೆಯಿಂದ ಬರಿಗಾಲಲ್ಲಿ ಯಾರದೋ ಕುರಿ ಹೊಡೆದುಕೊಂಡು ಸಿರಾ ಸಂತೆಗೆ ಬಂದವನು ನಾನು. ಅಲ್ಲಿ ಒಬ್ಬ ಮುದಿ ಸಾಹೇಬರು ನನಗೆ ದನದ ದಳ್ಳಾಳಿ ಕೆಲಸ ಕಲಿಸಿದರು. ಕೊಳ್ಳುವವನ ಕೈ, ಮಾರುವವನ ಕೈ ಎರಡನ್ನೂ ಟವಲಿನ ಕೆಳಗೆ ಸೇರಿಸಿ, ಬೆರಳು ಒತ್ತಿ ಬೆಲೆ ಹೇಳುವುದು. ಮೇಲೆ ಬಾಯಿ ಏನು ಬೇಕಾದರೂ ಕೂಗಲಿ, ಕೆಳಗೆ ಬೆರಳು ಹೇಳಿದ್ದೇ ಮಾತು. ಆ ವಿದ್ಯೆಯಿಂದ ನಾನು ಈ ಊರಲ್ಲಿ ಮನೆ ಕಟ್ಟಿದೆ, ಎರಡು ಎಕರೆ ಕೊಂಡೆ, ಮಧುಗಿರಿಯಿಂದ ಕೊರಟಗೆರೆವರೆಗೆ ಹೆಸರು ಮಾಡಿದೆ.

ಇಷ್ಟಾದರೂ ಸಂಜೆಯಾದರೆ ಊರಿನ ಜನ ಹೋಗಿ ಕೂರುತ್ತಿದ್ದದ್ದು ಅವನ ಜಗಲಿಯ ಮೇಲೆ. ಅವನು ಹೇಳುತ್ತಿದ್ದದ್ದಾದರೂ ಏನು? "ಹೂಂ" ಎನ್ನುವನು. "ಆಮ್ಯಾಕೆ, ಏನಾಯ್ತು?" ಎನ್ನುವನು. ಅಷ್ಟಕ್ಕೇ ಅವನು ಬುದ್ಧಿವಂತ! ನಾನು ಬೀಜದಿಂದ ಹಿಡಿದು ಬೀಗರವರೆಗೆ ಎಲ್ಲಕ್ಕೂ ಪುಕ್ಕಟೆ ಸಲಹೆ ಕೊಡುತ್ತಿದ್ದೆ. ಜನ ಅರ್ಧಕ್ಕೇ ಎದ್ದು, "ದನ ಕಟ್ಟಬೇಕು ಕಣಪ್ಪ" ಎಂದು ಹೊರಡುತ್ತಿದ್ದರು. ಹೋಗುತ್ತಿದ್ದದ್ದು ಕೊಟ್ಟಿಗೆಗಲ್ಲ, ಆ ಜಗಲಿಗೆ.

ಮಹಾರಾಜರ ಸರ್ಕಾರ ಹಳ್ಳಿಗಳಲ್ಲಿ ಪಂಚಾಯಿತಿ ಮಾಡಿದ ಮೇಲೆ ಒಂದು ವರ್ಷ ಸಿರಾದಿಂದ ಅಮಲ್ದಾರರು ನಮ್ಮೂರಿಗೆ ಹೇಳಿಕಳಿಸಿದರು. ಮನೆ ಕಂದಾಯದಲ್ಲಿ ಉಳಿದ ಹಣಕ್ಕೆ ಸರ್ಕಾರವೂ ಅಷ್ಟೇ ಸೇರಿಸುತ್ತದೆ. ಆದರೆ ಒಂದೇ ಕೆಲಸಕ್ಕೆ. ಯಾವ ಕೆಲಸ ಎಂಬುದನ್ನು ಊರಿನವರೇ ತೀರ್ಮಾನಿಸಬೇಕು.

ಪಟೇಲರು ಚಾವಡಿಗೆ ಹೊಸ ಹೆಂಚು ಬೇಕೆಂದರು. ನಾನು ನಮ್ಮೂರ ಸಂತೆ ಮಾಳದಲ್ಲಿ ದನಗಳಿಗೆ ಕಲ್ಲಿನ ನೀರು ತೊಟ್ಟಿ, ಒಂದು ನೆರಳಿನ ಚಪ್ಪರ ಆಗಲಿ ಎಂದೆ. ಇದರಿಂದ ನನ್ನ ದಳ್ಳಾಳಿಗೂ ಅನುಕೂಲವಿತ್ತು, ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ಷಡ್ಡಕ ಜಗಲಿಯಿಂದ ಮೆಲ್ಲಗೆ ಒಂದು ಮಾತು ಬಿಟ್ಟ: ಕುಡಿಯುವ ನೀರಿನ ಮೆಟ್ಟಿಲುಬಾವಿಯ ಮೆಟ್ಟಿಲು ಮುಚ್ಚಿಸಿ, ಕಟ್ಟೆ ಕಟ್ಟಿ, ರಾಟೆ ಹಾಕಿಸಿ, ಸೇದುವ ಬಾವಿ ಮಾಡಬೇಕು.

ನಮ್ಮ ಕಡೆ ಆಗ ನಾರುಹುಣ್ಣು ಇತ್ತು. ನೂಲಿನಂಥ ಹುಳು ಕಾಲಿನಿಂದ ಹೊರಡುತ್ತದೆ. ಹುಣ್ಣಿನ ಕಾಲಿನವರು ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟರೆ, ಆ ನೀರು ಕುಡಿದವರಿಗೂ ಬರುತ್ತದೆ ಎಂದು ಆರೋಗ್ಯ ಇಲಾಖೆಯವರು ಬಂದು ಹೇಳಿ ಹೋಗಿದ್ದರು. ಹಿಂದಿನ ಬೇಸಿಗೆಯಲ್ಲಿ ನನ್ನ ಹೆಂಡತಿಯ ಕಾಲಿನಲ್ಲೇ ಹುಳು ಹೊರಟಿತ್ತು. ದಿನಕ್ಕೆ ಒಂದು ಬೆರಳಿನಷ್ಟು ಕಡ್ಡಿಗೆ ಸುತ್ತಿ ಎಳೆಯಬೇಕು. ನಡುವೆ ತುಂಡಾಗಿ ಅವಳು ಒಂದೂವರೆ ತಿಂಗಳು ಹಾಸಿಗೆ ಹಿಡಿದಿದ್ದಳು. ಕಾಲಿನ ಊತ ಇನ್ನೂ ಇಳಿದಿರಲಿಲ್ಲ. ಹಾಗಾಗಿ ಬಾವಿಯ ಮಾತು ಸರಿ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಅದು ಅವನ ಬಾಯಿಂದ ಬಂತಲ್ಲ! ಕೇಳಿದ ಕ್ಷಣದಲ್ಲೇ ಎದೆಯೊಳಗೆ ಮೆಣಸಿನಕಾಯಿ ಅರೆದಂತಾಯಿತು.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ.

"ಬಾವಿ ವಿಚಾರ ಅವನ ತಲೆಗೆ ಹಾಕ್ದೋರು ಯಾರು?"

"ನಾನೇ. ಕಾಲು ಹೆಂಗೈತಕ್ಕ ಅಂತ ಕೇಳುದ್ರು, ಯೋಳ್ದೆ."

"ನಂಗ್ಯಾಕೆ ಯೋಳ್ನಿಲ್ಲ?"

"ನೀನೆಲ್ಲಿ ಕೇಳ್ದೆ? ಬೇವಿನಸೊಪ್ಪು ಕಟ್ಟು, ಅಂಗೆ ಸುತ್ತು, ಇಂಗೆ ಎಳೀಬ್ಯಾಡ ಅಂತ ನೀನೇ ಯೋಳ್ತಿದ್ದೆ. ನಂಗೆ ಬಾಯಿ ತೆಗೆಯಾಕೆ ಸಂದೆಲ್ಲಿತ್ತು?"

ನನ್ನ ಮನೆಯ ನೋವನ್ನೂ ಆ ಜಗಲಿಯೇ ಮೊದಲು ಕೇಳಿತ್ತು. ಅಂದೇ ನಿಶ್ಚಯಿಸಿದೆ, ಊರಿಗೆ ಏನಾದರೂ ಆಗಲಿ, ಬಾವಿ ಮಾತ್ರ ಆಗಬಾರದು. ಹೀಗೆ ಯೋಚಿಸಿದವನು ನಾನೇ. ಈಗ ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ.

ಅಮಲ್ದಾರರು ಬಂದ ದಿನ ಬೆಳಗ್ಗೆ ಚಾವಡಿಯ ಮುಂದಿನ ಬೇವಿನ ಮರದಡಿ ಊರೆಲ್ಲ ಸೇರಿತು. "ಚಾವಡಿಗೆ ಹೆಂಚು ಬೇಕೆನ್ನುವವರು ಕೈ ಎತ್ತಿ" ಎಂದರು ಅಮಲ್ದಾರರು. ಪಟೇಲರ ಕೈ ಎದ್ದಿತು. ಎಲ್ಲರ ಕಣ್ಣೂ ಆ ಕೈಯ ಮೇಲೆ, ಮರುಕ್ಷಣ ಎಲ್ಲರ ಕೈಯೂ ಮೇಲೆ. ಷಡ್ಡಕನದೊಂದು ಎದ್ದಿರಲಿಲ್ಲ. ನನ್ನದು ಅರ್ಧ ಎದ್ದು ಕೆರೆದುಕೊಳ್ಳುವಂತೆ ಕೆಳಗಿಳಿಯಿತು. ಅಮಲ್ದಾರರು ನಕ್ಕರು.

"ಇದು ಊರಿನ ಕೈಯೋ, ಪಟೇಲರ ಕೈಯೋ?"

ಅವಕಾಶ ಕಂಡರೆ ನಾನು ಬಿಡುವವನಲ್ಲ. ಹೆಗಲ ಮೇಲಿನ ಟವಲು ತೆಗೆದು ಮುಂದೆ ಬಂದೆ. "ಸ್ವಾಮಿ, ಒಲೆ ಉರಿಯೋ ಮನೆಗೊಂದು ಕೈ. ಒಬ್ಬೊಬ್ರೇ ಬಂದು ನನ್ನ ಟವಲು ಕೆಳಗೆ ಬೆರಳು ಒತ್ಲಿ. ಚಾವಡಿಗೆ ಒಂದು, ತೊಟ್ಟಿಗೆ ಎರಡು, ಬಾವಿಗೆ ಮೂರು. ಯಾರು ಏನಂದ್ರು ಅಂತ ಪಕ್ಕದೋನಿಗೂ ಗೊತ್ತಾಗಾಕಿಲ್ಲ." ಪಟೇಲರ ಭಯ ಕಳೆದರೆ ಜನ ಚಾವಡಿ ಬಿಡುತ್ತಾರೆ, ಟವಲಿನ ಕೆಳಗೆ ಸಿಕ್ಕಿದ ಕೈಯನ್ನು ಎರಡಕ್ಕೆ ತಿರುಗಿಸುವುದು ನನಗೆ ಗೊತ್ತು ಎಂಬುದು ನನ್ನ ಲೆಕ್ಕಾಚಾರ.

ಪಟೇಲರು ಕೆರಳಿದರು. "ತೊಟ್ಟಿ ಬೇಕು ಅನ್ನೋನೂ ನೀನೇ, ಬೆರಳು ಹಿಡಿಯೋನೂ ನೀನೇ? ಚೆಂದಾಗೈತೆ ಕಣ್ಲಾ!"

ಆಗ ಹಿಂದಿನಿಂದ ಷಡ್ಡಕ ಹೇಳಿದ, "ಬುಡಿ ಪಟೇಲ್ರೆ. ಅಣ್ಣ ಬಾಯಲ್ಲಿ ಏನಾದ್ರೂ ಅಂದಾನು, ಬೆರಳಲ್ಲಿ ಸುಳ್ಳಾಡಿದ್ದನ್ನ ಸಿರಾ ಸಂತೇಲಿ ಯಾರೂ ಕಂಡಿಲ್ಲ."

ಜನ ನಕ್ಕರು, ಒಪ್ಪಿದರು. ನನಗೆ ನಂಬಿಕೆಯನ್ನೂ ಅವನೇ ದಾನ ಮಾಡಬೇಕೇ? ಹಲ್ಲು ಕಚ್ಚಿಕೊಂಡು ಕೂತೆ. ನನ್ನ ಎಲೆಯಡಿಕೆ ಸಂಚಿಗೆ ಮೂರು ಅರೆಗಳಿದ್ದವು. ಒತ್ತಿದ ಬೆರಳಿಗೆ ತಕ್ಕಂತೆ ಟವಲಿನ ಮರೆಯಲ್ಲೇ ಒಂದೊಂದು ಹುಣಸೆಬೀಜವನ್ನು ಆಯಾ ಅರೆಗೆ ಹಾಕುತ್ತ ಹೋದೆ.

ಸಾಲು ಶುರುವಾಯಿತು. ಕುರಿ ಕಾಯುವವನೊಬ್ಬ "ಪಟೇಲಪ್ಪ ಯೋಳ್ದಂಗೇಯ ನಂದೂವೆ!" ಎಂದು ಊರಿಗೇ ಕೇಳುವಂತೆ ಕೂಗಿ, ಕೆಳಗೆ ಮೂರು ಬೆರಳನ್ನು ಉಗುರು ನಾಟುವಂತೆ ಒತ್ತಿದ. ಕಲ್ಲು ಕೆಲಸದವನ ಕೈಯನ್ನು ನಾನು ಎರಡು ಬೆರಳಿಂದ ಹಿಸುಕಿ ಕಣ್ಣು ಹೊಡೆದೆ. ಅವನು, "ಲೇ, ಎತ್ತು ನೋಡ್ದಂಗೆ ಹಿಸುಕ್ತೀಯಲ್ಲೋ, ಹಲ್ಲೂ ತೋರಿಸ್ಲೇನೋ?" ಎಂದು ಎಲ್ಲರನ್ನೂ ನಗಿಸಿ, ಎರಡನ್ನೇ ಒತ್ತಿ ಹೋದ. ತೊಟ್ಟಿ ಕಟ್ಟಿದರೆ ಕೆಲಸ ಅವನಿಗೇ ತಾನೆ. ಷಡ್ಡಕ ಬಂದ. ಒಮ್ಮೆಯೂ ಹಗ್ಗ ಹಿಡಿಯದ ಮೆತ್ತನೆಯ ಕೈ. ಮೂರು ಬೆರಳು, ಅವಸರವಿಲ್ಲದೆ. ನನ್ನ ಕೈಯ ದಡ್ಡು ಅವನಿಗೆ ಚುಚ್ಚಲಿ ಎಂದು ಬಿಗಿಯಾಗಿ ಹಿಡಿದೆ. ಅವನಿಗೆ ಅದು ಪ್ರೀತಿಯೆನಿಸಿತೋ ಏನೋ, ನಕ್ಕ.

ಗಂಡಸರ ಸಾಲು ಮುಗಿದಾಗ ಸಂಚಿಯನ್ನು ತಡವಿ ನೋಡಿದೆ. ಚಾವಡಿಗೆ ಬಿದ್ದದ್ದು ಪಟೇಲರ ಮನೆತನದವರ ಬೀಜಗಳಷ್ಟೇ. ಬಾವಿಗಿಂತ ತೊಟ್ಟಿಗೆ ನಾಲ್ಕು ಬೀಜ ಹೆಚ್ಚು. ಗೆದ್ದೆ ಎಂದುಕೊಂಡೆ.

"ಗಂಡಸರಿಲ್ಲದ ಮನೆಗಳು?" ಎಂದರು ಅಮಲ್ದಾರರು.

ಅಂಥ ಮನೆ ನಾಲ್ಕಿದ್ದವು, ನಾಲ್ವರು ವಿಧವೆಯರು. ಅವರು ನನ್ನ ಟವಲಿಗೆ ಕೈ ಹಾಕುವುದುಂಟೇ? ನನ್ನ ಹೆಂಡತಿ ಸೆರಗಿನ ಕೆಳಗೆ ಅವರ ಬೆರಳು ಹಿಡಿಯಲಿ ಎಂದಾಯಿತು. ಅವಳು ಮರದಾಚೆ ಹೋಗಿ ಹಿಡಿದು, ಕಾಲೆಳೆಯುತ್ತ ಬಂದು ನನ್ನ ಟವಲಿನೊಳಗೆ ಕೈ ಇಟ್ಟಳು. ಈ ಬೆರಳ ಭಾಷೆಯನ್ನು ನಾನು ಅವಳಿಗೆ ಕಲಿಸಿರಲಿಲ್ಲ. ನೋಡಿಯೇ ಕಲಿತಿದ್ದಳು, ನನಗಿಂತ ಚೊಕ್ಕಟವಾಗಿ.

ಮೂರು. ಮತ್ತೆ ಮೂರು. ಮತ್ತೆ ಮೂರು. ನಾಲ್ಕನೆಯದೂ ಮೂರು.

ತೊಟ್ಟಿ, ಬಾವಿ ಸಮವಾದವು. ಇನ್ನು ನನ್ನ ಮನೆಯ ಬೀಜವೊಂದೇ ಬಾಕಿ. ಎರಡನೆಯ ಅರೆಗೆ ಹಾಕಲು ಬೀಜ ಹಿಡಿದೂ ಇದ್ದೆ. ಅವಳ ಕೈ ಮಾತ್ರ ಹೋಗಲಿಲ್ಲ. ಐದನೆಯ ಸಲ ಮೂರು ಬೆರಳು ಒತ್ತಿತು.

"ನಾಲ್ಕೇ ಜನ ಅಲ್ವಾ? ಇದ್ಯಾರ್ದು?" ಎಂದೆ, ತುಟಿ ಅಲ್ಲಾಡದಂತೆ.

"ನಮ್ಮನೇದು."

"ಅದು ನಂದು ಕಣೇ!"

"ಒಲೆ ಉರಿಯೋ ಮನೆಗೊಂದು ಕೈ ಅಂದೋನು ನೀನು. ಒಲೆ ಉರ್ಸೋಳು ಯಾರು?"

ಬೀಜ ಎಷ್ಟೆಂದು ಬಲ್ಲವನು ನಾನೊಬ್ಬನೇ. ಎರಡು ಎಂದು ಕೂಗಿಬಿಟ್ಟಿದ್ದರೆ ಅಮಲ್ದಾರರಿಗೂ ತಿಳಿಯುತ್ತಿರಲಿಲ್ಲ, ಪಟೇಲರಿಗೂ ತಿಳಿಯುತ್ತಿರಲಿಲ್ಲ. ಗುಂಪಿನ ಹಿಂದೆ ಷಡ್ಡಕ ಕನ್ನಡಕ ಒರೆಸುತ್ತ ನಿಂತಿದ್ದ. ಅವನು ಸೋತ ಮುಖ ನೋಡಬೇಕೆಂಬ ಆಸೆ ಬಾಯಲ್ಲಿ ನೀರೂರಿಸಿತು. ಆದರೆ ಇವಳ ಬೆರಳು ಸಡಿಲವಾಗಲಿಲ್ಲ. ತಲೆ ತಗ್ಗಿಸಿದರೆ ಕಂಡದ್ದು ಅವಳ ಊದಿದ ಕಾಲು. ಬೆರಳಲ್ಲಿ ಒಮ್ಮೆ ಸುಳ್ಳಾಡಿದರೆ ಮುಂದಿನ ಸಂತೆಯಲ್ಲಿ ಯಾವ ಕೈ ಹಿಡಿಯಲಿ ಎಂಬ ಭಯವೂ ಇತ್ತು. ಯಾವುದು ನನ್ನನ್ನು ತಡೆಯಿತು ಎಂದು ಕೇಳಬೇಡಿ.

"ಮೂರು. ಬಾವಿ" ಎಂದೆ.

"ನಿನ್ ಮನೆ ಬೆರಳು ಯಾವ್ದಕ್ಕೆ ಬಿತ್ತೋ?" ಪಟೇಲರು ಕೆಣಕಿದರು.

"ಅದೂ ಮೂರೇ."

ಷಡ್ಡಕ ಓಡಿಬಂದು ನನ್ನೆರಡೂ ಕೈ ಹಿಡಿದ. ಕಣ್ಣಲ್ಲಿ ನೀರು. "ನಿನ್ ತೊಟ್ಟಿ ಬಿಟ್ಟುಕೊಟ್ಟೆಯಲ್ಲಣ್ಣ, ಎಂಥ ಮನಸ್ಸು ನಿಂದು!" ಜನ ಹೌದೆಂದರು. ನಾನು ಇಲ್ಲ ಎನ್ನಲಿಲ್ಲ. ಬಂದದ್ದನ್ನು ಬೇಡ ಎನ್ನುವ ಅಭ್ಯಾಸ ನನಗಿಲ್ಲ. ಹೆಂಡತಿ ನನ್ನನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಮನೆಗೆ ಹೋದಳು.

ಊರಿನ ಹಣವನ್ನು ಊರನ್ನೇ ಕೇಳಿ ಖರ್ಚು ಮಾಡಬೇಕೆನ್ನುವವರು ಈಗ ಬಹಳ ಮಂದಿ. ಅವರಿಗೆ ನನ್ನದೊಂದು ಮಾತು. ಬಯಲಲ್ಲಿ ಕೈ ಎತ್ತಿಸಬೇಡಿ. ನೀರು ಹೊರುವವರನ್ನು ಬಿಟ್ಟು ನೀರಿನ ತೀರ್ಮಾನ ಮಾಡಬೇಡಿ. ತನಗೇ ಏನಾದರೂ ಬೇಕಾದವನ ಕೈಗೆ ಟವಲು ಕೊಡಬೇಡಿ. ನನ್ನಂಥವನ ಹೆಂಡತಿ ಎಲ್ಲ ಊರಲ್ಲೂ ಇರುವುದಿಲ್ಲ.

ಮೆಟ್ಟಿಲು ಮುಚ್ಚಿತು, ರಾಟೆ ಬಂತು. ಆ ಬಾವಿಯನ್ನು ಜನ ಯಾರ ಹೆಸರಿನಿಂದಲೂ ಕರೆಯಲಿಲ್ಲ ಎನ್ನುವುದೊಂದು ಸಮಾಧಾನ. ಮುಂದಿನ ವರ್ಷ ಮತ್ತೆ ಸ್ವಲ್ಪ ಹಣ ಉಳಿದಿದೆ ಎಂದು ಸುದ್ದಿಯಾದಾಗ ಒಂದು ಬೆಳಗ್ಗೆ ಏಳೆಂಟು ಜನ ಷಡ್ಡಕನ ಜಗಲಿಯನ್ನು ದಾಟಿ ನೇರ ನಮ್ಮ ಬಾಗಿಲಿಗೆ ಬಂದರು. ನನ್ನ ಜೀವಮಾನದಲ್ಲಿ ಅಂಥ ಬೆಳಗು ಬಂದಿರಲಿಲ್ಲ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಬನ್ರಪ್ಪ, ಕೂತ್ಕಳಿ. ಈ ಸಲ ಏನ್ ಮಾಡ್ಬೇಕು ಅಂದ್ರೆ..." ಎಂದು ಶುರುಮಾಡಿದೆ.

"ಅದು ಆಮ್ಯಾಕಿರ್ಲಿ," ಎಂದ ಕುರಿ ಕಾಯುವವನು, ನನ್ನ ಭುಜದಾಚೆ ಒಳಗೆ ಇಣುಕುತ್ತ, "ಅಕ್ಕಯ್ಯ ಒಳಗವ್ರಾ?"

ಇದ್ದಳು. ಒಲೆ ಮುಂದೆ ಇದ್ದಳು. ನಾನೇ ಹೋಗಿ ಕರೆದೆ.