ಚುಕ್ಕೆ ಬಳೆಯ ತೋರಣ

ನನ್ನ ಓರಗಿತ್ತಿಯ ಉಗುರಿನ ಸಂದಿಯಲ್ಲಿ ಯಾವಾಗಲೂ ಮೈದಾ ಅಂಟು ಒಣಗಿಕೊಂಡಿರುತ್ತಿತ್ತು. ಬಲಗೈ ಹೆಬ್ಬೆರಳಿಗೆ ಬೆಳ್ಳಿ ಕಾಗದದ ಹೊಳಪು ಮೆತ್ತಿಕೊಂಡು, ಸಾರು ಬಡಿಸಲು ಸೌಟು ಹಿಡಿದಾಗ ಮಿರಮಿರ ಎನ್ನುತ್ತಿತ್ತು. ನಾನು ಸೊಸೆಯಾಗಿ ಆ ಮನೆಗೆ ಕಾಲಿಟ್ಟ ದಿನ ನನಗೆ ಅರಿಸಿನ ಕುಂಕುಮ ಕೊಟ್ಟ ಕೈ ಅದೇ. ಪಾಪ, ಇವಳಿಗೆ ಕೈ ತೊಳೆಯುವುದಕ್ಕೂ ಪುರುಸೊತ್ತಿಲ್ಲ ಅಂದುಕೊಂಡೆ. ಆ ಬೆರಳುಗಳನ್ನು ಕಂಡು ಮುಂದೆ ವರ್ಷಗಟ್ಟಲೆ ಹೊಟ್ಟೆ ಉರಿದುಕೊಳ್ಳಲಿದ್ದೇನೆಂದು ಆಗ ಗೊತ್ತಿರಲಿಲ್ಲ.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ದೇವರಾಜ ಮೊಹಲ್ಲಾದ ಓಣಿಯೊಂದರಲ್ಲಿ ನಮ್ಮ ಬಾಡಿಗೆ ಮನೆ. ನಾನು ಬರುವ ಮೊದಲೇ ಮಾವ ತೀರಿಕೊಂಡಿದ್ದರು. ಇದ್ದವರು ಅತ್ತೆ, ಭಾವ, ಭಾವನ ಹೆಂಡತಿಯಾದ ಈ ಓರಗಿತ್ತಿ, ನಮ್ಮವರು, ನಾನು. ಓರಗಿತ್ತಿಯನ್ನು ಅಕ್ಕ ಎನ್ನುತ್ತಿದ್ದೆ. ಮೊದಮೊದಲು "ನೀವು" ಎಂದು ಮಾತಾಡಿಸಿದರೆ, "ಅಕ್ಕ ಅಂತೀಯ, ಆಮೇಲೆ ನೀವು ಅಂತೀಯ. ಎರಡ್ರಲ್ಲಿ ಒಂದು ಬುಟ್ಬುಡು" ಎಂದು ನಕ್ಕಳು. ಕೆಸರೆ ಕಡೆಯ ಬೇಸಾಯದ ಮನೆಯವಳು. ನಾನು ನಂಜನಗೂಡಿನ ಜವಳಿ ವ್ಯಾಪಾರದವರ ಮಗಳು. ನನ್ನ ಜೊತೆ ಎರಡು ಟ್ರಂಕು ಸಾಮಾನು ಬಂದಿತ್ತು. ಅವಳ ಜೊತೆ ಬಂದದ್ದು ಒಂದೇ ಒಂದು ಗೋಣಿಚೀಲವಂತೆ, ಅದರ ತುಂಬ ಹುಳ ಹೊರಗೆ ಹೋದ ತೂತು ರೇಷ್ಮೆಗೂಡು.

ಆ ತೂತುಗೂಡುಗಳೇ ಹಾರವಾಗಿ ನಡುಮನೆಯ ದೇವರ ಪಟಗಳ ಮೇಲೆ ತೂಗುತ್ತಿದ್ದವು. ಉರಿದು ಮುಗಿದ ಊದುಬತ್ತಿಯ ಕಡ್ಡಿಗಳನ್ನು ಕೂಡಿಟ್ಟು, ನೂಲಿನಲ್ಲಿ ಹೆಣೆದು ಕಿಟಕಿಗೆ ತಡಿಕೆ ಮಾಡಿದ್ದಳು. ಮಧ್ಯಾಹ್ನದ ಬಿಸಿಲು ಅದರೊಳಗಿಂದ ಇಳಿದರೆ ಗಂಧದ ವಾಸನೆ ಮನೆಗೆಲ್ಲ ಹರಡುತ್ತಿತ್ತು. ಫ್ಯೂಸು ಹೋದ ಬಲ್ಬಿಗೆ ಕಣ್ಣು, ಬಾಲ ಅಂಟಿಸಿ ಮೀನು. ಹರಿದ ಸೀರೆಯ ಅಂಚುಗಳೆಲ್ಲ ಸೇರಿ ದಿಂಬು. ಮಾರ್ಕೆಟ್ಟಿಗೆ ಹೋದರೆ ತರಕಾರಿಗಿಂತ ಹೆಚ್ಚಾಗಿ ಅಂಗಡಿಯವರು ಎಸೆದಿದ್ದನ್ನೇ ತರುತ್ತಿದ್ದಳು. ನಾನು ಏನನ್ನಾದರೂ ಕಸಕ್ಕೆ ಹಾಕಲು ಕೈ ಎತ್ತಿದರೆ ಸಾಕು, "ಇರ್ಲಿ ಕಣೇ, ಅದಕ್ಕೂ ಒಂದು ಜಾಗ ಸಿಗ್ತದೆ" ಎಂದು ಕಿತ್ತುಕೊಳ್ಳುತ್ತಿದ್ದಳು. ಅದನ್ನು ಒಂದು ಬಿಸ್ಕತ್ತಿನ ಡಬ್ಬಕ್ಕೆ ಸೇರಿಸಿ ಅಟ್ಟದ ಮೇಲಿಡುತ್ತಿದ್ದಳು. ಅಟ್ಟದ ತುಂಬ ಅಂಥ ಡಬ್ಬಗಳೇ.

ಎಲ್ಲಕ್ಕೂ ಜಾಗ ಸಿಗುತ್ತಿತ್ತು. ಸಿಗದಿದ್ದದ್ದು ನನ್ನ ಸಾಮಾನಿಗೆ. ತವರಿಂದ ಬಂದ ನಿಲುವುಗನ್ನಡಿಯನ್ನು ತೂಗುಹಾಕೋಣವೆಂದರೆ ನಡುಮನೆಯಲ್ಲಿ ಒಂದು ಗೋಡೆಯೂ ಖಾಲಿಯಿರಲಿಲ್ಲ. ಅದು ಗೋಣಿತಾಟು ಹೊದ್ದುಕೊಂಡು ಕೋಣೆಯ ಬಾಗಿಲ ಹಿಂದೆ ನಿಂತಿತ್ತು. ಬಂದವರೆಲ್ಲ ಗೋಡೆಗಳನ್ನು ನೋಡಿ, "ನಿಮ್ಮ ದೊಡ್ಡ ಸೊಸೆ ಕೈ ಅಂದ್ರೆ ಕೈ ಕಣ್ರೀ" ಎನ್ನುತ್ತಿದ್ದರು. ಅತ್ತೆ ಹಿಗ್ಗುತ್ತಿದ್ದರು. ಕಾಫಿ ಲೋಟ ಹಿಡಿದು ಬರುತ್ತಿದ್ದ ಚಿಕ್ಕ ಸೊಸೆಯ ಕೈಯನ್ನು ಯಾರು ನೋಡುತ್ತಾರೆ?

ಮದುವೆಯಾದ ಮೇಲಿನ ಮೊದಲ ದಸರಾ ಬಂತು. ನಮ್ಮ ಕಡೆ ಮಗಳಿಗೆ ಮದುವೆಯಲ್ಲಿ ಪಟ್ಟದ ಗೊಂಬೆ ಕೊಡುವ ಪದ್ಧತಿ. ಮರದ ರಾಜ, ರಾಣಿ. ಗಂಡನ ಮನೆಯಲ್ಲಿ ಗೊಂಬೆ ಕೂರಿಸುವಾಗ ಅವೇ ಮೇಲಿನ ಮೆಟ್ಟಿಲಲ್ಲಿ ಕೂರಬೇಕು. ಮೊದಲ ವರ್ಷ ತವರಿನವರು ನೋಡಲು ಬರುತ್ತಾರೆ. ಅಪ್ಪ ಬರುತ್ತೇನೆಂದು ಹೇಳಿಕಳಿಸಿದ್ದರು. ನನಗೆ ಇದ್ದ ಆಸೆ ಒಂದೇ. ಅಪ್ಪ ಬರುವ ಹೊತ್ತಿಗೆ ಆ ನಡುಮನೆಯಲ್ಲಿ "ಇದು ನಿಮ್ಮ ಮಗಳದ್ದು" ಎಂದು ಯಾರಾದರೂ ಬೆರಳು ಮಾಡಿ ತೋರಿಸುವಂಥದ್ದು ಒಂದಾದರೂ ಇರಬೇಕು.

ಪಟ್ಟದ ಗೊಂಬೆ ಇದೆಯಲ್ಲ ಎಂದುಕೊಂಡಿದ್ದೆ. ಅಕ್ಕ ಅದನ್ನೂ ಬಿಡಲಿಲ್ಲ. ಬಾಡಿದ ಮದುವೆ ಹಾರದ ಜರಿ ಬಿಚ್ಚಿ ರಾಜನಿಗೆ ಪೇಟ ಸುತ್ತಿದಳು. ಸೋಪಿನ ಪೊಟ್ಟಣದ ಕಾಗದ ಮಡಿಚಿ ರಾಣಿಗೆ ನೆರಿಗೆ ಹಿಡಿದಳು. ನೋಡನೋಡುತ್ತಾ ನನ್ನ ತವರಿನ ಗೊಂಬೆಗಳು ಕೆಸರೆಯವರಾಗಿಬಿಟ್ಟವು. ಪಕ್ಕದ ಮನೆಯಾಕೆ ಬಂದು, "ನಿಮ್ಮಕ್ಕ ಕೈ ಇಟ್ಮೇಲೆ ಗೊಂಬೆಗೆ ಕಳೆ ಬಂತು ನೋಡು" ಎಂದರು. ಮೊದಲು ಅದಕ್ಕೆ ಕಳೆ ಇರಲಿಲ್ಲವೇನು ಎಂದು ಕೇಳಬೇಕೆನಿಸಿತು. ಹೊಸ ಸೊಸೆ, ನಕ್ಕು ಕಾಫಿ ತರಲು ಎದ್ದೆ.

ಆದರೆ ಅಕ್ಕನಿಗೆ ಬಾರದ ವಿದ್ಯೆಯೊಂದು ನನಗೆ ಬರುತ್ತಿತ್ತು. ನಂಜನಗೂಡಿನಲ್ಲಿ ನಮ್ಮಜ್ಜಿ ಕಲಿಸಿದ್ದರು. ಗಾಜಿನ ಬಳೆಯ ಚೂರನ್ನು ದೀಪದ ಕುಡಿಗೆ ಹಿಡಿದರೆ ನಡುವಿನಲ್ಲಿ ಮೆತ್ತಗಾಗುತ್ತದೆ. ಆ ಗಳಿಗೆ ನೋಡಿ ಎರಡು ತುದಿಯನ್ನೂ ಕೂಡಿಸಿದರೆ ಉಂಗುರ. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಹೀಗೆ ಸರಪಳಿ ಬೆಳೆಯುತ್ತದೆ. ಕೈ ಸುಡುತ್ತದೆ, ಬಿಡಬಾರದು, ಅಷ್ಟೇ. ಅಕ್ಕ ಕಾಗದ, ಬಟ್ಟೆ, ಕಡ್ಡಿಯವಳು. ಬೆಂಕಿಯ ತಂಟೆಗೆ ಹೋದವಳಲ್ಲ.

ಚೂರು ಹುಡುಕಲು ಅಟ್ಟದ ಡಬ್ಬಗಳಿಗೇ ಕೈಹಾಕಿದೆ. ತೀರ ಹಿಂದೆ, ಗೋಡೆಗೆ ಒತ್ತಿಕೊಂಡಿದ್ದ ಒಂದು ಡಬ್ಬದಲ್ಲಿ ಸಿಕ್ಕಿದವು. ಗಾಢ ಹಸಿರು, ಮೈಮೇಲೆ ಚಿನ್ನದ ಬಣ್ಣದ ಸಣ್ಣ ಚುಕ್ಕೆ. ಅಷ್ಟು ಚೆಂದದ ಬಳೆಯನ್ನು ನಾನು ಕಂಡಿರಲಿಲ್ಲ. ಇದನ್ನು ಅಕ್ಕ ಮರೆತೇಬಿಟ್ಟಿದ್ದಾಳೆ ಎಂದು ಖುಷಿಯಾಯಿತು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಹಿಂದಿನ ಕೋಣೆಯಲ್ಲಿ ಬುಡ್ಡಿ ದೀಪ ಹಚ್ಚಿಕೊಂಡು ಕೂರುತ್ತಿದ್ದೆ. ಬೆರಳ ತುದಿಯಲ್ಲಿ ಬೊಬ್ಬೆ ಎದ್ದವು. ಹಬ್ಬದ ಹೊತ್ತಿಗೆ ಬಾಗಿಲಗಲದ ತೋರಣವಾಯಿತು.

ಗೊಂಬೆ ಕೂರಿಸಿದ ದಿನ ಮಧ್ಯಾಹ್ನ ಅದನ್ನು ಅಡುಗೆಮನೆಯಿಂದ ನಡುಮನೆಗೆ ಬರುವ ಬಾಗಿಲಿಗೆ ಕಟ್ಟಿದೆ. ಗೊಂಬೆ ನೋಡಲು ಕೂತವರ ಕಣ್ಣಿಗೆ ನೇರ ಬೀಳುವ ಜಾಗ. ಅಕ್ಕ ಹಿಟ್ಟಿನ ಕೈಯಲ್ಲೇ ಬಂದವಳು ತಲೆ ಎತ್ತಿ ನೋಡಿ ನಿಂತುಬಿಟ್ಟಳು. ಮುಖ ಇಳಿದುಹೋಯಿತು.

"ಎಲ್ಲಿತ್ತೇ ಇದು?"

"ಅಟ್ಟದ ಮೇಲೆ. ನಿನ್ನ ಡಬ್ಬದಲ್ಲಿ. ಸುಮ್ನೆ ಬಿದ್ದಿತ್ತು."

ಅವಳು ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಆಮೇಲೆ ಮೆಲ್ಲಗೆ, "ಹಿತ್ತಲ ಬಾಗಿಲಿಗೆ ಕಟ್ಟಾಣ ಕಣೆ. ಅಲ್ಲೇ ಚೆಂದಾಗಿ ಕಾಣ್ತದೆ" ಎಂದಳು.

ಅಂತೂ ಇವಳಿಗೂ ಹೊಟ್ಟೆ ಉರಿಯಿತು ಎಂದುಕೊಂಡೆ. ನನಗೆ ಅದೇ ದಸರಾ. "ಹಿತ್ತಲಲ್ಲಿ ಯಾರು ನೋಡ್ತಾರೆ ಅಕ್ಕ? ಇಲ್ಲೇ ಇರಲಿ" ಎಂದೆ. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೊರಗೆ ಜಟಕಾ ನಿಂತಿತು. ಅಪ್ಪ ಬಂದಿದ್ದರು.

ಸಂಜೆ ಓಣಿಯ ಹೆಂಗಸರು, ಮಕ್ಕಳು ಸೇರಿದರು. ಅಪ್ಪ ಚಾಪೆಯ ಮೇಲೆ ಕೂತು ಮೀನು, ತಡಿಕೆ, ಹಾರಗಳನ್ನೆಲ್ಲ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಎಲ್ಲದಕ್ಕೂ ಪಕ್ಕದ ಮನೆಯಾಕೆಯೇ, "ಅದು ದೊಡ್ಡ ಸೊಸೆ ಮಾಡಿದ್ದು, ಇದೂ ಅವಳದೇ" ಎಂದು ವಿವರ ಕೊಡುತ್ತಿದ್ದರು. ಇನ್ನೇನು ಅವರ ಕಣ್ಣು ತೋರಣಕ್ಕೆ ಬರುತ್ತದೆ, ಯಾರು ಮಾಡಿದ್ದು ಎಂದು ಕೇಳುತ್ತಾರೆ, ನಾನು ತಲೆ ತಗ್ಗಿಸಿ "ನಾನೇ" ಎನ್ನುತ್ತೇನೆ ಎಂದು ಕಾದು ನಿಂತಿದ್ದೆ.

ಅತ್ತೆ ಹಬ್ಬದ ಹೊತ್ತಿನಲ್ಲಿ ಮುಂದೆ ಬರುತ್ತಿರಲಿಲ್ಲ. ಗಂಡನನ್ನು ಕಳೆದುಕೊಂಡವರು ಆರತಿಯ ಸಮಯಕ್ಕೆ ಎದುರು ಬರಬಾರದು ಎಂದು ಅಡುಗೆಮನೆಯಲ್ಲೇ ಉಳಿಯುತ್ತಿದ್ದರು. ಆರತಿ ಮುಗಿದ ಮೇಲೆ ಮಕ್ಕಳಿಗೆ ಹಂಚುವ ಚರುಪಿನ ತಟ್ಟೆಯನ್ನು ಬಾಗಿಲಲ್ಲಿ ನಿಂತು ಅಕ್ಕನ ಕೈಗೆ ಕೊಟ್ಟರು. ಆಗ ತೋರಣದ ಒಂದು ಎಳೆ ಅವರ ಹಣೆಗೆ ತಾಗಿತು. ಸರಿಸಲು ಕೈ ಎತ್ತಿದವರು ಅದನ್ನು ಹಿಡಿದೇ ನಿಂತರು. ಕಣ್ಣ ಹತ್ತಿರ ತಂದುಕೊಂಡರು.

"ಇದು ನನ್ನ ಬಳೆ" ಎಂದರು.

ಆಗ ನನಗೆ ಅರ್ಥವಾಯಿತು. ಮಾವ ಹೋದಾಗ ಅತ್ತೆಯ ಕೈಯಿಂದ ಒಡೆದು ತೆಗೆದ ಬಳೆ. ಹೊಳೆಗೆ ಸೇರಬೇಕಾದದ್ದು. ಅದನ್ನು ಹಬ್ಬದ ಮನೆಯ ಬಾಗಿಲಿಗೆ, ಅವರ ನೆತ್ತಿಯ ಮೇಲೇ ಕಟ್ಟಿದ್ದೆ.

"ಯಾರು ಮಾಡಿದ್ದು ಇದನ್ನ?" ಎಂದು ಅತ್ತೆ ಕೇಳಿದರು. ನಾನು ದಿನಗಟ್ಟಲೆ ಕಾದಿದ್ದ ಪ್ರಶ್ನೆಯೇ. ಬೊಬ್ಬೆಯೆದ್ದ ಬೆರಳುಗಳನ್ನು ಸೆರಗಿನೊಳಗೆ ಅಡಗಿಸಿಕೊಂಡೆ.

"ನಾನು ಅತ್ತೆ" ಎಂದಳು ಅಕ್ಕ. ಚರುಪಿನ ತಟ್ಟೆ ಹಿಡಿದೇ ನಿಂತಿದ್ದಳು. "ಅವತ್ತು ಹೊಳೆಗೆ ಬುಡು ಅಂತ ನನ್ನ ಕೈಗೇ ಕೊಟ್ಟಿದ್ರು. ಮನಸ್ಸು ಬರ್ಲಿಲ್ಲ, ಇಟ್ಕೊಂಡ್ಬುಟ್ಟೆ. ಈಗ ಹಿಂಗೆ ಮಾಡ್ದೆ. ಬಯ್ಯೋದಾದ್ರೆ ಬಯ್ರಿ."

ಪಕ್ಕದ ಮನೆಯಾಕೆ, "ಶುಭದ ದಿನ ಇದೆಲ್ಲ ಎಲ್ಲಾದ್ರೂ ಇದ್ಯಾ ಕಣಮ್ಮ, ಕಿತ್ತಾಕು ಮೊದ್ಲು" ಎಂದರು.

ಅತ್ತೆ ಅವರ ಕಡೆ ತಿರುಗಿ, "ಬಳೆ ನಂದು, ಮನೆ ನಂದು, ನಿಮಗೇನಮ್ಮ?" ಎಂದರು. ಎಂದೂ ಅಷ್ಟು ಗಟ್ಟಿಯಾಗಿ ಮಾತಾಡಿದವರಲ್ಲ. ಆಮೇಲೆ ಅಲ್ಲೇ, ಹೊಸಿಲ ಪಕ್ಕದಲ್ಲಿ, ತೋರಣದ ಕೆಳಗೇ ಕೂತುಬಿಟ್ಟರು. "ಅವ್ರೇ ಹೋಗಿ ತಂದಿದ್ದು ಇದನ್ನ. ಬಳೆ ಅಂಗಡೀಲಿ ಗಂಡಸು ನಿಂತ್ಕೊಂಡು ಹಸಿರು ಬೇಕು, ಚುಕ್ಕೆ ಬೇಕು ಅಂತಿದ್ರೆ ಹೆಂಗಸರೆಲ್ಲ ನಗ್ತಿದ್ರಂತೆ. ಮನೆಗೆ ಬಂದು ಹೇಳ್ಕೊಂಡು ತಾವೂ ನಕ್ರು. ಹೊಳೇಲಿ ಹೋಯ್ತು ಅಂದ್ಕೊಂಡಿದ್ದೆ." ಅಕ್ಕನ ಅಂಟಿನ ಕೈಯನ್ನು ಎಳೆದು ಕಣ್ಣಿಗೊತ್ತಿಕೊಂಡರು. "ಇರಲಿ ಬಿಡು. ಹೀಗೇ ಇರಲಿ."

ಬೈಗುಳಕ್ಕೆ ತಲೆ ಕೊಟ್ಟವಳಿಗೆ ಹಾರ ಬಿತ್ತು. ಆ ಹಾರದ ಒಂದೊಂದು ಕೊಂಡಿಯನ್ನೂ ಬೆಸೆದ ನನ್ನ ಬೆರಳುಗಳು ಸೆರಗಿನೊಳಗೆ ಚುರುಗುಟ್ಟುತ್ತಿದ್ದವು. ಅಷ್ಟು ಸಾಲದೆಂದು ಅಪ್ಪ ಬೇರೆ. ಹೊರಡುವಾಗ ಅಕ್ಕನನ್ನು ಕರೆದು, "ನಮ್ಮ ಹುಡುಗೀಗೂ ಸ್ವಲ್ಪ ಕಲಿಸ್ಕೊಡಮ್ಮ. ಮುದ್ದು ಮಾಡಿ ಬೆಳೆಸ್ಬಿಟ್ವಿ, ಒಂದು ಕಡ್ಡೀನೂ ಎತ್ತಿಟ್ಟೋಳಲ್ಲ" ಎಂದರು. ಅಪ್ಪನಿಗೆ ಅಂಗಡಿ ಬಿಟ್ಟರೆ ಮನೆಯಲ್ಲಿ ಯಾರಿಗೆ ಏನು ಬರುತ್ತದೆಂದು ಎಂದೂ ಗೊತ್ತಿರಲಿಲ್ಲ. ಅವತ್ತು ಅವರ ಮೇಲೆ ಬಂದ ಕೋಪ ಸಂಕ್ರಾಂತಿಯವರೆಗೂ ಇಳಿಯಲಿಲ್ಲ.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ನಾನು ಪಾತ್ರೆಗಳನ್ನು ಕುಕ್ಕುತ್ತಿದ್ದೆ. ಅಕ್ಕ ಹತ್ತಿರ ಬಂದು ಕೂತಳು.

"ಏನು ಮಾಡ್ಲೇ, ಬಯ್ಸ್ಕೊಳಾಣ ಅಂತ ಮುಂದೆ ಬಂದೆ. ಅವ್ರು ಬಯ್ಯಲೇ ಇಲ್ಲ" ಎಂದಳು. ನನ್ನ ಕೈಯಲ್ಲಿದ್ದ ಪಾತ್ರೆ ತೆಗೆದಿಟ್ಟು, "ಹೋಗಿ ಹೇಳ್ಬುಡ್ಲಾ, ನಿಂದು ಅಂತ?"

"ಹೇಳಿದ್ರೆ ನೀನು ಸುಳ್ಳಿ ಅಂತಾಗುತ್ತೆ."

"ಆಗ್ಲಿ ಬುಡು."

ಆಗಲಿ ಎಂದು ನನಗೂ ಒಂದು ಗಳಿಗೆ ಅನ್ನಿಸಿತು. ಹೊರಗೆ ಅತ್ತೆ ಇನ್ನೂ ತೋರಣದ ಕೆಳಗೇ ಕೂತಿದ್ದರು. ಬೇಡ ಎಂದೆ. ನಾನೇ ಬೇಡವೆಂದದ್ದು, ಅವಳು ಕಿತ್ತುಕೊಂಡದ್ದಲ್ಲ. ಹಾಗಿದ್ದೂ ಹೊಟ್ಟೆಕಿಚ್ಚು ನ್ಯಾಯ ಕೇಳುತ್ತದೆಯೇ?

ಆಮೇಲೆ ನಡೆದದ್ದು ನೆನೆದರೆ ಈಗಲೂ ನಗು ಬರುತ್ತದೆ. ಓಣಿಯ ಹೆಂಗಸರು ಬಳೆ ಸರಪಳಿ ಕಲಿಸೆಂದು ಅಕ್ಕನ ಬೆನ್ನು ಬಿದ್ದರು. ಅವಳು ಮಧ್ಯಾಹ್ನ ಕದ್ದು ನನ್ನ ಹತ್ತಿರ ಕಲಿಯಲು ಬಂದಳು. ಚೂರು ಕೆಂಪಗಾದ ಕೂಡಲೇ "ಅಯ್ಯೋ ಸಿವನೇ" ಎಂದು ಕೈಬಿಡುತ್ತಿದ್ದಳು. ಕಡೆಗೂ ಒಂದು ಉಂಗುರವೂ ಕೂಡಲಿಲ್ಲ. "ಆ ಬಳೆನೇ ಬೇರೆ ಕಣ್ರವ್ವ, ಈಗಿನ ಬಳೆ ಬಗ್ಗಕ್ಕಿಲ್ಲ" ಎಂದು ಓಣಿಗೆಲ್ಲ ಸಬೂಬು ಹೇಳಿದಳು. ಅವಳ ಬೆರಳ ಬೊಬ್ಬೆಗೆ ಬೆಣ್ಣೆ ಸವರುವಾಗ ನನಗೆ ಮಾತ್ರ ಸ್ವಲ್ಪ ಹಿತವಾಗಿರುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ದಸರಾದಿಂದ ಅತ್ತೆ ಹಬ್ಬದಲ್ಲಿ ಅಡುಗೆಮನೆಗೆ ಸರಿಯುವುದನ್ನು ಬಿಟ್ಟರು. ಪ್ರತಿವರ್ಷ ತೋರಣ ಕಟ್ಟಿಸಿ ಅದರ ಕೆಳಗೇ ಕೂತು ಗೊಂಬೆ ನೋಡುತ್ತಿದ್ದರು. ನೋಡಲು ಬಂದವರಿಗೆಲ್ಲ, "ನಮ್ಮ ದೊಡ್ಡವಳು ಮಾಡಿದ್ದು" ಎನ್ನುತ್ತಿದ್ದರು. ಅಕ್ಕ ಆಗ ಏನಾದರೂ ನೆಪ ತೆಗೆದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ನಾನು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದೆ.

ಅರವತ್ತರ ದಶಕ ಮುಗಿಯುತ್ತ ಬಂದಾಗ ಅಕ್ಕನಿಗೆ ಕಾಮಾಲೆಯಾಯಿತು. ದೊಡ್ಡಾಸ್ಪತ್ರೆಯಲ್ಲಿ ಮಲಗಿಸಿದೆವು. ಕಣ್ಣು, ಉಗುರು ಎಲ್ಲ ಹಳದಿ. ಮಾತ್ರೆಯ ಬೆಳ್ಳಿ ಕಾಗದವನ್ನು ಮಾತ್ರ ದಿಂಬಿನ ಕೆಳಗೆ ಕೂಡಿಡುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ನಾನು ಇಲ್ದಂಗಾದ್ಮೇಲೆ ಅತ್ತೆಗೆ ಹೇಳ್ಬುಡು ಕಣೆ, ಅದು ನಿಂದು ಅಂತ. ಆಗ ನಾನು ನಾಚ್ಕೊಳೋ ಹಂಗಿಲ್ವಲ್ಲ" ಎಂದಳು. ಸುಮ್ಮನಿರು ಎಂದು ಗದರಿದೆ. ಆ ವಾರ ಕಳೆಯುವಷ್ಟರಲ್ಲಿ ಹೋದಳು. ಅವಳಿಗಿನ್ನೂ ತಲೆ ನೆರೆತಿರಲಿಲ್ಲ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ದಿನ ಅತ್ತೆ ಆ ಬಾಗಿಲ ಹೊಸಿಲಲ್ಲಿ ಕೂತಿದ್ದರು. ಕಣ್ಣು ಮಂಜಾಗಿತ್ತು. ಬಾಗಿಲ ಮೇಲೆ ಕೈಯಾಡಿಸಿ, ತೋರಣದ ಎಳೆಯೊಂದನ್ನು ಹಿಡಿದುಕೊಂಡು, "ಇಂಥ ಕೈ ಇನ್ನೊಂದು ಹುಟ್ಟುತ್ತೇನೇ?" ಎಂದು ನನ್ನನ್ನು ಕೇಳಿದರು.

ಮನೆಯಲ್ಲಿ ನಾವಿಬ್ಬರೇ. ಹೇಳಲು ಅವಳೇ ಅಪ್ಪಣೆ ಕೊಟ್ಟು ಹೋಗಿದ್ದಳು. ಅತ್ತೆಯ ಪಕ್ಕ ಕೂತು ಅವರ ಕೈ ಹಿಡಿದುಕೊಂಡೆ.

"ಇಲ್ಲ ಅತ್ತೆ, ಹುಟ್ಟಲ್ಲ" ಎಂದೆ.

ಹೇಳಿದ ಮೇಲೆ ಹೊಟ್ಟೆಯೊಳಗೆ ಚುರ್ ಎಂದಿತು. ಈಗಲೂ ಎನ್ನುತ್ತದೆ.